ಬೊನೇರ್: ದಡದಿಂದಲೇ ಕಡಲಿಗಿಳಿಯುವವರಿಗೆ, ವೀಸಾ ಅರ್ಜಿಯಿಂದ ವಾಪಸ್ ವಿಮಾನದವರೆಗೆ

ಬೊನೇರ್ ದ್ವೀಪಕ್ಕೆ ಡೈವಿಂಗಿಗೆಂದು ಹೋಗಿ ಈಗಷ್ಟೇ ಮರಳಿದ್ದೇವೆ. ಹೊರಡುವ ಮುಂಚೆ ಹುಡುಕಿದಾಗ ಅಲ್ಲಿನ ಮೀನು, ಹವಳ, ಆಮೆಗಳ ಬಗ್ಗೆ ಬೇಕಾದಷ್ಟು ಸಿಕ್ಕಿತು. ಯಾವ ಕಾಗದ ಯಾವಾಗ ಬೇಕು, ದಡದಲ್ಲಿ ಕಾಲಿಡುವುದು ಹೇಗೆ, ಟ್ಯಾಂಕಿನ ಗಾಳಿಯ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದು ಮಾತ್ರ ಒಂದೆಡೆ ಸಿಗಲಿಲ್ಲ. ಮುಂದೆ ಹೋಗುವವರಿಗೆ ಆ ತಡಕಾಟ ಬೇಡವೆಂದು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಬೊನೇರ್ ಇರುವುದು ವೆನೆಜುವೆಲಾದ ಉತ್ತರಕ್ಕೆ, ಕೆರಿಬಿಯನ್ ಕಡಲಿನ ದಕ್ಷಿಣದ ಅಂಚಿನಲ್ಲಿ. ವಿಸ್ತೀರ್ಣ ಕೇವಲ 288 ಚದರ ಕಿಲೋಮೀಟರ್. 2010ರ ಅಕ್ಟೋಬರ್ 10ರಿಂದ ಅದು ನೆದರ್ಲೆಂಡ್ಸಿನ ವಿಶೇಷ ಪುರಸಭೆ. ಆದರೂ 2011ರಿಂದ ಅಲ್ಲಿ ನಡೆಯುವುದು ಅಮೆರಿಕನ್ ಡಾಲರ್, ಯೂರೋ ಅಲ್ಲ. ಬೇರೆ ಕಡೆಗಳಲ್ಲಿ ಸಾಮಾನ್ಯವಾಗಿ ದೋಣಿ ಹತ್ತಿ, ಗೈಡ್ ಹಿಂದೆ ಹೋಗಿ ಡೈವ್ ಮಾಡುತ್ತೇವೆ. ಇಲ್ಲಿ ಟ್ಯಾಂಕುಗಳನ್ನು ಪಿಕಪ್ ಟ್ರಕ್ಕಿನ ಹಿಂದೆ ಹಾಕಿಕೊಂಡು, ರಸ್ತೆಬದಿಯಲ್ಲಿ ಹೆಸರು ಬರೆದಿಟ್ಟಿರುವ ಹಳದಿ ಕಲ್ಲು ಕಂಡಲ್ಲಿ ನಿಲ್ಲಿಸಿ, ನಮ್ಮ ಪಾಡಿಗೆ ನಾವು ನೀರಿಗೆ ನಡೆದು ಹೋಗುತ್ತೇವೆ. ಜೊತೆಗಾರರನ್ನು ಬಿಟ್ಟರೆ ನಿಮ್ಮನ್ನು ನೋಡಿಕೊಳ್ಳುವವರು ಯಾರೂ ಇರುವುದಿಲ್ಲ. ಆ ಸ್ವಾತಂತ್ರ್ಯಕ್ಕಾಗಿಯೇ ಜನ ಅಲ್ಲಿಗೆ ಹೋಗುವುದು, ತಯಾರಿ ಪೂರ್ತಿಯಾಗಿರಬೇಕಾದದ್ದೂ ಅದೇ ಕಾರಣಕ್ಕೆ.

ಮೊದಲ ತೊಡಕು ವೀಸಾ. ನೆದರ್ಲೆಂಡ್ಸಿನ ಭಾಗವೆಂದ ಮೇಲೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾ ಸಾಕು ಎಂದು ಬಹಳಷ್ಟು ಜನ ಎಣಿಸುತ್ತಾರೆ. ಬೊನೇರ್ ಷೆಂಗೆನ್ ವಲಯದಲ್ಲಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕೆರಿಬಿಯನ್ ವೀಸಾ ಎಂಬ ಪ್ರತ್ಯೇಕ ವೀಸಾ ಬೇಕು. ಅದನ್ನು ಕೊಡುವುದೂ ಡಚ್ ಸರ್ಕಾರವೇ. ನಮ್ಮ ಗುಂಪಿನಲ್ಲಿ ನೆದರ್ಲೆಂಡ್ಸಿನಲ್ಲಿ ಕೆಲಸದಲ್ಲಿರುವವರೂ ಇದ್ದರು, ಬೆಂಗಳೂರಿನಿಂದ ಹೊರಟವರೂ ಇದ್ದರು. ಡಚ್ ವಾಸದ ಪರವಾನಗಿ ಇದ್ದವರಿಗೆ ವಿನಾಯಿತಿ ಸಿಕ್ಕಿತು. ಬೆಂಗಳೂರಿನವರು ಪೂರ್ಣ ಅರ್ಜಿ ಹಾಕಬೇಕಾಯಿತು. ಹೋಗಿಬರುವ ಟಿಕೆಟ್ಟಿನ ಕಾಯ್ದಿರಿಸುವಿಕೆ, ತಂಗುವ ಜಾಗದ ಪುರಾವೆ, ಬ್ಯಾಂಕ್ ಸ್ಟೇಟ್‌ಮೆಂಟ್, ಉದ್ಯೋಗದಾತರ ಪತ್ರ, ಪ್ರವಾಸ ವಿಮೆ, ಇವಿಷ್ಟನ್ನೂ ಒಂದೇ ಹೆಸರಿನ ಕಾಗುಣಿತದಲ್ಲಿ ಇಟ್ಟುಕೊಳ್ಳಿ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಸೇರಿಕೊಂಡು ಬ್ಯಾಂಕ್ ಖಾತೆಯಲ್ಲಿ ಬರೀ ಇನಿಷಿಯಲ್ ಇದ್ದರೆ, ಇಬ್ಬರೂ ಒಬ್ಬರೇ ಎಂಬುದಕ್ಕೆ ಒಂದು ಪತ್ರ ಜೊತೆಗಿರಲಿ. ನಮ್ಮ ಕಡೆಯ ಹೆಸರುಗಳಿಗೆ ಈ ಪ್ರಶ್ನೆ ಬರುತ್ತದೆ. ಪಾಸ್‌ಪೋರ್ಟ್ ಕೊಟ್ಟು ಬಂದ ಮೇಲೆ ಉತ್ತರ ಬರುವವರೆಗೆ ಮನಸ್ಸು ನಿಲ್ಲುವುದಿಲ್ಲ; ಆದ್ದರಿಂದ ಹಣ ವಾಪಸಾಗದ ಟಿಕೆಟ್ಟನ್ನು ವೀಸಾ ಕೈಗೆ ಬರುವ ಮುಂಚೆ ಕೊಳ್ಳಬೇಡಿ.

ದಾರಿಯ ಆಯ್ಕೆಯೂ ವೀಸಾ ಪ್ರಶ್ನೆಯೇ. ಮಯಾಮಿ, ಅಟ್ಲಾಂಟಾ, ಹ್ಯೂಸ್ಟನ್ ಕಡೆಯಿಂದ ಹೋಗುವುದಾದರೆ ವಿಮಾನ ಬದಲಿಸುವುದಕ್ಕೂ ಅಮೆರಿಕದ ವೀಸಾ ಬೇಕು. ಆಮ್‌ಸ್ಟರ್‌ಡ್ಯಾಮಿನಿಂದ ಹೋದರೆ ಹತ್ತು ಗಂಟೆಯ ಆಸುಪಾಸಿನ ಹಾರಾಟ. ಆದರೆ ಮಧ್ಯೆ ಊರೊಳಗೆ ರಾತ್ರಿ ತಂಗಬೇಕೆಂದರೆ ಷೆಂಗೆನ್ ವೀಸಾ ಬೇರೆ ಬೇಕಾಗುತ್ತದೆ.

ವೀಸಾಗೆ ಕಾಯುವ ಹೊತ್ತನ್ನು ಡೈವಿಂಗಿನ ಕಾಗದಗಳಿಗೆ ಬಳಸಿಕೊಳ್ಳುವುದು ಒಳ್ಳೆಯದು. ಓಪನ್ ವಾಟರ್ ಎಂಬ ಮೊದಲ ಹಂತದ ಡೈವಿಂಗ್ ಕೋರ್ಸಿನಲ್ಲಿ ಮೂರು ಭಾಗ: ಓದು, ಈಜುಕೊಳದ ಅಭ್ಯಾಸ, ಕೊನೆಗೆ ಕಡಲಿನಲ್ಲಿ ನಾಲ್ಕು ಡೈವ್. ಮೊದಲ ಎರಡನ್ನು ಬೆಂಗಳೂರಿನಲ್ಲೇ ಮುಗಿಸಬಹುದು, ಕಡಲಿನ ಭಾಗಕ್ಕೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಬಹುದು. ಕೊಳದ ಭಾಗವನ್ನಷ್ಟೇ ಇಲ್ಲಿ ಮುಗಿಸಿ, ರೆಫರಲ್ ಪತ್ರ ಹಿಡಿದು ಉಳಿದದ್ದನ್ನು ಬೊನೇರಿನಲ್ಲಿ ಮಾಡುವ ದಾರಿಯೂ ಇದೆ. ನನ್ನ ಅಭಿಪ್ರಾಯ ಕೇಳಿದರೆ, ನೇತ್ರಾಣಿಯಲ್ಲೇ ಪ್ರಮಾಣಪತ್ರ ಪೂರೈಸಿಕೊಂಡು ಹೋಗಿ. ಬೊನೇರಿನಲ್ಲಿ ಕಳೆಯುವ ದಿನಗಳು ದುಬಾರಿ, ಅವನ್ನು ಪಾಠಕ್ಕೆ ಕೊಡಬೇಕಿಲ್ಲ. ಈಜು ಪರೀಕ್ಷೆಯಲ್ಲಿ ಯಾವ ಸಲಕರಣೆಯೂ ಇಲ್ಲದೆ 200 ಮೀಟರ್ ಈಜಬೇಕು, ಇಲ್ಲವೇ ಮಾಸ್ಕ್, ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ), ಸ್ನಾರ್ಕೆಲ್ (ಉಸಿರಾಟದ ಕೊಳವೆ) ಹಾಕಿ 300 ಮೀಟರ್. ಅದರ ಜೊತೆಗೆ ಹತ್ತು ನಿಮಿಷ ತೇಲಬೇಕು. ವೇಗ ಮುಖ್ಯವಲ್ಲ, ನಿಲ್ಲದೆ ಮುಗಿಸುವುದು ಮುಖ್ಯ.

ಇದರಲ್ಲಿ ಅನೇಕರು ಎಡವುವುದು ವೈದ್ಯಕೀಯ ಪ್ರಶ್ನಾವಳಿಯಲ್ಲಿ. ಆಸ್ತಮಾ, ರಕ್ತದೊತ್ತಡದ ಮಾತ್ರೆ, ಕಿವಿಯ ಶಸ್ತ್ರಚಿಕಿತ್ಸೆ, ಮಧುಮೇಹ ಮೊದಲಾದವುಗಳಿಗೆ 'ಹೌದು' ಎಂದಾದರೆ ವೈದ್ಯರ ಸಹಿ ಬೇಕಾಗಬಹುದು. ಆ ಫಾರ್ಮನ್ನು ಊರಲ್ಲೇ ಇಳಿಸಿಕೊಂಡು, ನಿಮ್ಮನ್ನು ಬಲ್ಲ ವೈದ್ಯರಿಂದ ಸಹಿ ಮಾಡಿಸಿ ಒಯ್ಯಿರಿ. ದ್ವೀಪ ತಲುಪಿದ ಮೇಲೆ ಅಲ್ಲಿ ಅಪರಿಚಿತ ವೈದ್ಯರನ್ನು ಹುಡುಕಿಕೊಂಡು ಹೋದರೆ ಒಂದು ದಿನ, ಒಂದಿಷ್ಟು ಡಾಲರ್ ಎರಡೂ ಹೋಗುತ್ತವೆ. ಸುಳ್ಳು ಬರೆಯುವುದಂತೂ ಖಂಡಿತ ಬೇಡ. ಉಸಿರು ಸಿಕ್ಕಿಕೊಳ್ಳುವ ಶ್ವಾಸಕೋಶದಲ್ಲಿ ಮೇಲೇರುವಾಗ ಗಾಳಿ ಹಿಗ್ಗಿದರೆ ಪ್ರಾಣಕ್ಕೇ ಅಪಾಯ. ಡೈವಿಂಗಿನ ವಿಮೆಯನ್ನೂ ಪ್ರತ್ಯೇಕವಾಗಿ ಮಾಡಿಸಿ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಆಳದ ಮಿತಿಯೋ ಸ್ಕೂಬಾ ಹೊರತು ಎಂಬ ಸಾಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ.

ಹೊರಡುವ ವಾರದಲ್ಲಿ ಆನ್‌ಲೈನಿನಲ್ಲಿ ಎರಡು ಶುಲ್ಕ ಕಟ್ಟಬೇಕು. ಒಂದು ದ್ವೀಪದ ಪ್ರವೇಶ ತೆರಿಗೆ: ವಯಸ್ಕರಿಗೆ 75 ಡಾಲರ್, 12 ವರ್ಷದವರೆಗಿನ ಮಕ್ಕಳಿಗೆ 10. ಇನ್ನೊಂದು ಕಡಲ ಉದ್ಯಾನವನ್ನು ನೋಡಿಕೊಳ್ಳುವ ಸ್ಟಿನಾಪ ಸಂಸ್ಥೆಯ ಪ್ರಕೃತಿ ಶುಲ್ಕ. ಡೈವರುಗಳಿಗೆ 40 ಡಾಲರ್, ಆ ಕ್ಯಾಲೆಂಡರ್ ವರ್ಷದ ಕೊನೆಯವರೆಗೆ ನಡೆಯುತ್ತದೆ. ಡಿಸೆಂಬರ್ ಕೊನೆಗೆ ಹೋಗಿ ಜನವರಿಯಲ್ಲಿ ಮರಳುವವರು ಇದನ್ನು ಗಮನಿಸಿ. ಎರಡರ ರಸೀದಿಯನ್ನೂ ಫೋನಿನಲ್ಲಿ ಉಳಿಸಿಕೊಳ್ಳುವುದರ ಜೊತೆಗೆ ಕಾಗದದ ಮೇಲೂ ಮುದ್ರಿಸಿಕೊಳ್ಳಿ. ವಿಮಾನ ಇಳಿದೊಡನೆ ಇಂಟರ್ನೆಟ್ ಸಿಗದೆ ಒದ್ದಾಡುವವರು ಸರದಿಯಲ್ಲಿ ಬಹಳ ಜನ ಇರುತ್ತಾರೆ.

ಸಾಮಾನಿನ ಬಗ್ಗೆ ಎರಡು ಮಾತು. ಮಾಸ್ಕ್, ಗಟ್ಟಿ ಅಡಿಯ ಬೂಟು, ಆಳ ಮತ್ತು ಸಮಯದ ಲೆಕ್ಕ ಇಡುವ ಡೈವ್ ಕಂಪ್ಯೂಟರ್ ಇವು ಸ್ವಂತದ್ದಿರಲಿ. ಬಿಸಿಡಿ (ಗಾಳಿ ತುಂಬಿ ತೇಲುವಿಕೆ ಹೊಂದಿಸಿಕೊಳ್ಳುವ ಜಾಕೆಟ್), ರೆಗ್ಯುಲೇಟರ್ (ಟ್ಯಾಂಕಿನ ಗಾಳಿಯನ್ನು ಬಾಯಿಗೆ ಕೊಡುವ ಸಲಕರಣೆ) ಬಾಡಿಗೆಗೆ ಸಿಗುತ್ತವೆ. ಟಾರ್ಚಿನ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಹೋಗಬೇಕು. ದ್ವೀಪದ ವಿದ್ಯುತ್ 127 ವೋಲ್ಟ್, ಸಾಕೆಟ್ ಅಮೆರಿಕದ ಚಪ್ಪಟೆ ಪಿನ್ನಿನದು. ಫೋನ್ ಚಾರ್ಜರಿಗೆ ತೊಂದರೆಯಿಲ್ಲ, ನಮ್ಮ ಊರಿನ ರೈಸ್ ಕುಕ್ಕರ್ ಮಾತ್ರ ಅಲ್ಲಿ ನಡೆಯುವುದಿಲ್ಲ. ನಲ್ಲಿಯ ನೀರು ಕಡಲ ನೀರಿನಿಂದ ಉಪ್ಪು ತೆಗೆದದ್ದು, ಧೈರ್ಯವಾಗಿ ಕುಡಿಯಬಹುದು. ಅಕ್ಕಿ, ಬೇಳೆಕಾಳು, ತರಕಾರಿ ದ್ವೀಪದ ಮುಖ್ಯ ಊರಾದ ಕ್ರಾಲೆಂಡೈಕಿನ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುತ್ತವೆ, ಬೆಲೆ ಮಾತ್ರ ಹಡಗಿನಲ್ಲಿ ಬಂದ ಬೆಲೆ. ಅಡುಗೆಮನೆಯಿರುವ ವಸತಿ ಹಿಡಿದರೆ ಸಸ್ಯಾಹಾರಿಗಳಿಗೆ ಖರ್ಚೂ ಚಿಂತೆಯೂ ಕಡಿಮೆ.

ದ್ವೀಪ ಮುಟ್ಟಿದ ಮರುದಿನ ಬೆಳಿಗ್ಗೆಯೇ ಆಸೆಪಟ್ಟ ಜಾಗಕ್ಕೆ ಧುಮುಕಲು ಬಿಡುವುದಿಲ್ಲ. ಮೊದಲು ಡೈವ್ ಅಂಗಡಿಯಲ್ಲಿ ಪರಿಚಯ ಪಾಠ, ಆಮೇಲೆ ಅವರ ದಡದಲ್ಲೇ ಒಂದು ಪರೀಕ್ಷಾ ಡೈವ್. ಇದು ಕಡ್ಡಾಯ. ಪಾಠದಲ್ಲಿ ಹೇಳುವ ನಿಯಮಗಳಿಗೆ ಹಿನ್ನೆಲೆಯಿದೆ. ಈಟಿ ಹಿಡಿದು ಮೀನು ಬೇಟೆಯಾಡುವುದನ್ನು ಇಲ್ಲಿ 1971ರಲ್ಲೇ ನಿಲ್ಲಿಸಿದರು. 1979ರಲ್ಲಿ ದ್ವೀಪದ ಸುತ್ತಲಿನ ಕಡಲನ್ನು, ಭರತದ ಗೆರೆಯಿಂದ 60 ಮೀಟರ್ ಆಳದವರೆಗೆ, ಉದ್ಯಾನವೆಂದು ಘೋಷಿಸಿದರು. ಲಂಗರು ಹಾಕುವಂತಿಲ್ಲ, ಕೈಗವಸು ತೊಡುವಂತಿಲ್ಲ, ಏನನ್ನೂ ಮುಟ್ಟುವಂತಿಲ್ಲ, ಎತ್ತುವಂತಿಲ್ಲ. ಕೈಗವಸು ಇದ್ದರೆ ಹವಳವನ್ನು ಹಿಡಿದುಕೊಳ್ಳಲು ಧೈರ್ಯ ಬರುತ್ತದೆ, ಬರಿಗೈಯವರು ದೂರ ಇರುತ್ತಾರೆ. ಈ ನಿಯಮ ಎಷ್ಟು ಕೆಲಸ ಮಾಡಿದೆ ಎಂಬುದು ನೀರಿಗಿಳಿದೊಡನೆ ಕಾಣುತ್ತದೆ.

ಇತ್ತೀಚೆಗೆ ಸೇರಿದ ಇನ್ನೊಂದು ನಿಯಮವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಗಟ್ಟಿ ಹವಳದ ಅಂಗಾಂಶವನ್ನು ಕಳಚಿಹಾಕುವ ರೋಗ ಕೆರಿಬಿಯನ್ ಕಡಲಿನಲ್ಲಿ ಹರಡುತ್ತಾ 2023ರ ಮಾರ್ಚಿನಲ್ಲಿ ಬೊನೇರಿನಲ್ಲೂ ಪತ್ತೆಯಾಯಿತು. ಮಿದುಳಿನ ಸುರುಳಿಯಂತೆ ಕಾಣುವ ಹವಳಗಳಿಗೆ ಇದು ಬೇಗ ತಗಲುತ್ತದೆ. ಬಿಳಿ ಮಚ್ಚೆಯಾಗಿ ಶುರುವಾಗಿ, ನೂರಾರು ವರ್ಷ ಬೆಳೆದ ಗುಡ್ಡೆಯನ್ನು ವಾರಗಳಲ್ಲಿ ಬರೀ ಅಸ್ಥಿಯಾಗಿಸುತ್ತದೆ. ಡೈವ್ ಅಂಗಡಿಗಳಲ್ಲಿ ಸೋಂಕು ನಿವಾರಕ ದ್ರಾವಣದ ತೊಟ್ಟಿ ಇಟ್ಟಿರುತ್ತಾರೆ. ಬಿಸಿಡಿ, ಸೂಟ್, ಬೂಟು ಎಲ್ಲವನ್ನೂ ಅದರಲ್ಲಿ ಅದ್ದಿ, ಆಮೇಲೆ ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಬಿಸಿಡಿಯ ಒಳಗಿನ ನೀರನ್ನು ಬಸಿಯಲು ಮರೆಯಬೇಡಿ. ಒಂದೇ ದಿನ ಎರಡು ಜಾಗಕ್ಕೆ ಹೋಗುವುದಿದ್ದರೆ ಆರೋಗ್ಯವಾಗಿರುವ ಜಾಗ ಮೊದಲು, ರೋಗವಿರುವುದು ಕೊನೆಗೆ. ಸತ್ತ ಹವಳದ ಗುಡ್ಡೆಯ ಮುಂದೆ ತೇಲುವಾಗ ಆಗುವ ಸಂಕಟ ಫೋಟೋ ನೋಡಿದರೆ ಗೊತ್ತಾಗುವುದಿಲ್ಲ.

ಪರೀಕ್ಷಾ ಡೈವಿನಲ್ಲಿ ಮಾಡಿಕೊಳ್ಳಬೇಕಾದ ದೊಡ್ಡ ಕೆಲಸ ತೂಕ ಸರಿಪಡಿಸುವುದು. ಅಲ್ಲಿ ಕೊಡುವುದು 11.1 ಲೀಟರಿನ ಅಲ್ಯೂಮಿನಿಯಂ ಟ್ಯಾಂಕ್. ತುಂಬಿದಾಗ ಮುಳುಗುತ್ತದೆ, ಖಾಲಿಯಾಗುತ್ತಾ ಬಂದಂತೆ ತೇಲತೊಡಗುತ್ತದೆ. ಕೊನೆಗೆ ಸುಮಾರು ಎರಡು ಕಿಲೋದಷ್ಟು ಮೇಲಕ್ಕೆ ಎಳೆಯುತ್ತದೆ. ಆದ್ದರಿಂದ ಡೈವಿನ ಶುರುವಿನಲ್ಲಲ್ಲ, ಮುಗಿದ ಮೇಲೆ ಟ್ಯಾಂಕಿನಲ್ಲಿ 50 ಬಾರ್ (ಬಾರ್ ಎಂದರೆ ಗಾಳಿಯ ಒತ್ತಡದ ಅಳತೆ) ಉಳಿದಿರುವಾಗ ತೂಕ ನೋಡಿ. ಬಿಸಿಡಿ ಪೂರ್ತಿ ಖಾಲಿ ಮಾಡಿ, ಮಾಮೂಲಿ ಉಸಿರು ಹಿಡಿದು ನೆಟ್ಟಗೆ ನಿಂತರೆ ನೀರು ಕಣ್ಣಿನ ಮಟ್ಟದಲ್ಲಿರಬೇಕು, ಉಸಿರು ಬಿಟ್ಟಾಗ ನಿಧಾನವಾಗಿ ಇಳಿಯಬೇಕು. ಅಲ್ಲಿಯವರೆಗೆ ಒಂದೊಂದೇ ಕಿಲೋ ಹೆಚ್ಚುಕಡಿಮೆ ಮಾಡಿ, ಆ ಲೆಕ್ಕವನ್ನು ಬರೆದಿಟ್ಟುಕೊಳ್ಳಿ.

ಪಿಕಪ್ ಟ್ರಕ್ಕುಗಳಲ್ಲಿ ಬಹುಪಾಲು ಕೈಯಿಂದ ಗೇರ್ ಹಾಕುವಂಥವು, ರಸ್ತೆಯ ಬಲಬದಿಯಲ್ಲಿ ಓಡಿಸಬೇಕು. ದಡದಲ್ಲಿ ನಿಲ್ಲಿಸಿದಾಗ ಗಾಡಿಯಲ್ಲಿ ಏನೂ ಇರಬಾರದು; ಬಾಗಿಲಿಗೆ ಬೀಗ ಹಾಕದೆ, ಕಿಟಕಿ ಇಳಿಸಿಯೇ ಬಿಡುವುದು ಅಲ್ಲಿನ ರೂಢಿ. ನೀವು ನೀರಿನೊಳಗೆ ಒಂದು ಗಂಟೆ ಇರುತ್ತೀರಿ ಎಂಬುದು ಕಳ್ಳರಿಗೂ ಗೊತ್ತು. ಬೀಗ ಹಾಕಿದರೆ ಒಡೆದ ಗಾಜಿನ ದುಡ್ಡೂ ನಿಮ್ಮದೇ. ಪಾಸ್‌ಪೋರ್ಟ್, ಪರ್ಸ್ ಕೋಣೆಯಲ್ಲಿರಲಿ. ಗಾಡಿಯ ಕೀಲಿಯನ್ನು ನೀರು ಹೋಗದ ಡಬ್ಬಿಯಲ್ಲಿ ಹಾಕಿ ಬಿಸಿಡಿಗೆ ಕಟ್ಟಿಕೊಳ್ಳಿ. ಉತ್ತರದ ಕಡಲತಡಿಯ ರಸ್ತೆ ಒಂದು ಹಂತದಿಂದಾಚೆ ಒಂದೇ ದಿಕ್ಕಿಗೆ ಸಾಗುತ್ತದೆ, ದಾಟಿಹೋದ ಜಾಗಕ್ಕೆ ಹಿಂದಿರುಗಲು ರಿಂಕಾನ್ ಊರನ್ನು ಸುತ್ತಿ ಬರಬೇಕಾಗುತ್ತದೆ.

ಇನ್ನು ದಡದ ವಿಷಯ. ಈ ಬರಹದಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ. ಬೊನೇರಿನಲ್ಲಿ ಗಾಯವಾಗುವುದು ಹೆಚ್ಚಾಗಿ ನೀರೊಳಗಲ್ಲ, ನೀರಿನ ಅಂಚಿನಲ್ಲಿ. ದಡದ ಬಹುಭಾಗ ಮರಳಲ್ಲ. ಚೂಪಾದ ಹಳೆಯ ಹವಳಬಂಡೆ, ಉರುಳುವ ಹವಳದ ಚೂರು, ಪಾಚಿ ಹಿಡಿದ ಕಲ್ಲು. ತುಂಬಿದ ಟ್ಯಾಂಕ್ ಒಂದೇ ಸುಮಾರು 17 ಕಿಲೋ, ಅದರ ಮೇಲೆ ಸೀಸದ ತೂಕ. ಮಳೆಗಾಲದ ಪಾಚಿಗಟ್ಟಿದ ಅಂಗಳದಲ್ಲಿ ಅಕ್ಕಿಮೂಟೆ ಹೊತ್ತು ನಡೆಯುವವರು ಹೇಗೆ ಹೆಜ್ಜೆ ಇಡುತ್ತಾರೋ ಹಾಗೆ ಇಡಬೇಕು.

ಮೊದಲು ಬರಿಗೈಯಲ್ಲಿ ಹೋಗಿ ದಾರಿ ನೋಡಿ ಬನ್ನಿ. ಬೇರೆಯವರು ಎಲ್ಲಿಂದ ಇಳಿದರು, ಎಲ್ಲಿ ಹತ್ತಿದರು ಎಂದು ಗಮನಿಸಿ. ಅಲೆಗಳನ್ನು ಕೆಲವು ನಿಮಿಷ ನೋಡುತ್ತಾ ನಿಂತರೆ, ದೊಡ್ಡವು ಗುಂಪಾಗಿ ಬಂದು ಆಮೇಲೆ ಕಡಲು ಸ್ವಲ್ಪ ಹೊತ್ತು ತಣ್ಣಗಾಗುವುದು ತಿಳಿಯುತ್ತದೆ; ಆ ಬಿಡುವಿನಲ್ಲಿ ಇಳಿಯಬೇಕು. ಮಾಸ್ಕ್ ಮುಖದ ಮೇಲೆ, ರೆಗ್ಯುಲೇಟರ್ ಬಾಯಲ್ಲಿ, ಬಿಸಿಡಿಯಲ್ಲಿ ಅರ್ಧ ಗಾಳಿ, ಫಿನ್‌ಗಳು ಕೈಯಲ್ಲಿ. ಕಾಲೆತ್ತದೆ ಅಡಿಯನ್ನು ನೆಲಕ್ಕೆ ಸವರುತ್ತಾ ಸಾಗಿ. ಕಲ್ಲಿನ ಬಣ್ಣದಲ್ಲೇ ಕೂತಿರುವ ಚೇಳುಮೀನಿನ ಮುಳ್ಳು, ಸಂದಿಯಲ್ಲಿರುವ, ಮುಳ್ಳಿನ ಚೆಂಡಿನಂಥ ಕಪ್ಪು ಕಡಲಮುಳ್ಳಿ (ಸೀ ಅರ್ಚಿನ್), ಎರಡೂ ತೆಳು ಅಡಿಯ ಚಪ್ಪಲಿಯನ್ನು ದಾಟಿ ಬರುತ್ತವೆ. ಸೊಂಟ ಮುಳುಗುವಷ್ಟು ನೀರು ಬಂದೊಡನೆ ಹಿಂದಕ್ಕೆ ಒರಗಿ ತೇಲಿ, ತೇಲುತ್ತಲೇ ಫಿನ್ ಹಾಕಿ. ನಿಂತುಕೊಂಡು ಒಂಟಿಕಾಲಿನಲ್ಲಿ ಹಾಕಲು ಹೋದವರೇ ಬೀಳುವುದು. ಮೇಲೆ ಬರುವಾಗಲೂ ಹಾಗೆಯೇ: ಒಣ ನೆಲ ಸಿಗುವವರೆಗೆ ಮಾಸ್ಕ್, ರೆಗ್ಯುಲೇಟರ್ ತೆಗೆಯಬೇಡಿ. ಕಾಲು ನಿಲ್ಲದಿದ್ದರೆ ಮಂಡಿಯೂರಿ, ಅಂಬೆಗಾಲಿಟ್ಟು ಬನ್ನಿ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ, ಹಳಬರೂ ಹಾಗೆ ಬರುತ್ತಾರೆ. ಪೂರ್ವದಿಂದ ಬೀಸುವ ವಾಣಿಜ್ಯ ಮಾರುತದ ಮರೆಯಲ್ಲಿರುವುದರಿಂದ ಪಶ್ಚಿಮದ ದಡ ಸಾಮಾನ್ಯವಾಗಿ ಶಾಂತ. ಗಾಳಿ ದಿಕ್ಕು ಬದಲಿಸಿ ಪಶ್ಚಿಮದಿಂದ ಬಂದ ದಿನ ಅದೇ ದಡ ಅಪಾಯಕಾರಿ; ಆ ದಿನ ನೀರಿಗೆ ಇಳಿಯಬೇಡಿ.

ನೀರೊಳಗಿನ ನಕ್ಷೆ ಬಹುತೇಕ ಕಡೆ ಒಂದೇ. ದಡದಿಂದ ಮರಳು ಮತ್ತು ಬಿಡಿ ಹವಳಗಳ ಜಗುಲಿ, ಅದು ಎಂಟು ಹತ್ತು ಮೀಟರ್ ಆಳಕ್ಕೆ ಬಂದಲ್ಲಿ ಅಂಚು, ಅಲ್ಲಿಂದ ಹವಳದ ಇಳಿಜಾರು. ದೋಣಿ ಕಟ್ಟುವ ತೇಲುಗುರುತಿನ ಬಳಿ ಇಳಿದರೆ ಅದರ ಕೆಳಗಿನ ಕಟ್ಟೆಯೇ ಹಿಂದಿರುಗುವ ಗುರುತು. ಸೆಳೆತಕ್ಕೆ ಎದುರಾಗಿ ಹೊರಡಿ, ಅದರ ಜೊತೆ ಮರಳಿ.

ಗಾಳಿಯ ಲೆಕ್ಕವನ್ನು ಅಂದಾಜಿಗೆ ಬಿಡಬೇಡಿ. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 18 ಮೀಟರಿನಲ್ಲಿ ಒತ್ತಡ 2.8 ಪಟ್ಟು ಆಗುವುದರಿಂದ 56 ಲೀಟರ್ ಬಳಸುತ್ತಾರೆ. 200 ಬಾರ್ ತುಂಬಿದ ಟ್ಯಾಂಕಿನಲ್ಲಿ ಸುಮಾರು 2,220 ಲೀಟರ್. ಅದರಲ್ಲಿ 50 ಬಾರ್ ಮೀಸಲು ಕಳೆದರೆ 1,665 ಉಳಿಯುತ್ತದೆ, ಅಂದರೆ ಅರ್ಧ ಗಂಟೆಗಿಂತ ಹೆಚ್ಚಿಲ್ಲ. ಅದೇ 10 ಮೀಟರಿನಲ್ಲಿ 40 ನಿಮಿಷ ದಾಟುತ್ತದೆ. ಹೋಗಿ ಬರುವ ದಾರಿ ಸಮವಿರುವಲ್ಲಿ ಗುಂಪಿನಲ್ಲಿ ಯಾರದ್ದೇ ಮಾಪಕ 125 ಬಾರ್ ತೋರಿಸಿದರೂ ಎಲ್ಲರೂ ತಿರುಗಬೇಕು. ಬೊನೇರಿನಲ್ಲಿ ಜನ ತಪ್ಪುವುದು ಇಲ್ಲೇ: ಅಂಚಿನಿಂದ ದಡದವರೆಗಿನ ಜಗುಲಿಯನ್ನು ಲೆಕ್ಕಕ್ಕೆ ಹಿಡಿಯದೆ, ಮೇಲ್ಮೈಯಲ್ಲಿ ಅಲೆಗಳ ಎದುರು ಈಜಿ ಸುಸ್ತಾಗಿ ದಡ ಸೇರುತ್ತಾರೆ. ಆ ಜಗುಲಿಯ ಐದು ಮೀಟರ್ ನೀರಿನಲ್ಲೇ ಸುರಕ್ಷತಾ ನಿಲುಗಡೆ (ಮೈಯಲ್ಲಿ ಕರಗಿದ ಸಾರಜನಕ ಹೊರಹೋಗಲು ಮೇಲೇರುವ ಮುಂಚೆ ಕೊಡುವ ಬಿಡುವು) ಮಾಡುತ್ತಾ ಬಂದರೆ ಆಯಾಸವಿಲ್ಲ, ಗಿಳಿಮೀನುಗಳೂ ಅಲ್ಲೇ ಹೆಚ್ಚು. ಇಲ್ಲಿ ನೈಟ್ರಾಕ್ಸ್, ಅಂದರೆ ಆಮ್ಲಜನಕ ಹೆಚ್ಚಿಸಿದ ಗಾಳಿ, ಸುಲಭವಾಗಿ ಸಿಗುತ್ತದೆ. ದಿನಕ್ಕೆ ಹಲವು ಡೈವ್ ಮಾಡುವವರು ಆ ಪ್ರಮಾಣಪತ್ರ ಮಾಡಿಕೊಂಡು ಹೋಗುವುದು ಲಾಭ. ಆದರೆ 32 ಶೇಕಡಾ ಆಮ್ಲಜನಕದ ಮಿಶ್ರಣಕ್ಕೆ 33 ಮೀಟರ್ ಮಿತಿ; ಟ್ಯಾಂಕಿನ ಆಮ್ಲಜನಕವನ್ನು ನೀವೇ ಅಳೆದು, ನೀವೇ ಬರೆಯಬೇಕು.

ಜಾಗಗಳಲ್ಲಿ ಮೂರರ ಬಗ್ಗೆ ಮಾತ್ರ ಹೇಳುತ್ತೇನೆ. ಹಿಲ್ಮಾ ಹೂಕರ್ ಎಂಬುದು ಸುಮಾರು 72 ಮೀಟರ್ ಉದ್ದದ ಸರಕು ಹಡಗು. ಅದರಲ್ಲಿ ಗಾಂಜಾ ಸಿಕ್ಕು ವಶಪಡಿಸಿಕೊಂಡ ಮೇಲೆ, 1984ರ ಸೆಪ್ಟೆಂಬರ್ 12ರಂದು ಮುಳುಗಿತು. ಈಗ 30 ಮೀಟರ್ ಆಳದ ಮರಳಿನಲ್ಲಿ ಬಲಮಗ್ಗುಲಾಗಿ ಮಲಗಿದೆ. ಬರೀ ಗಾಳಿಯಲ್ಲಿ ಆ ಆಳಕ್ಕೆ 20 ನಿಮಿಷವಷ್ಟೇ ಮಿತಿ. ಅಡ್ವಾನ್ಸ್‌ಡ್ ತರಬೇತಿ ಇಲ್ಲದವರು ಮೇಲ್ಭಾಗವನ್ನಷ್ಟೇ ನೋಡಿ, ಯಾರೂ ಒಳಗೆ ನುಗ್ಗಬೇಡಿ. ಸಾಲ್ಟ್ ಪಿಯರ್ ನನಗೆ ಎಲ್ಲಕ್ಕಿಂತ ಪ್ರಿಯ. ಉಪ್ಪು ತುಂಬುವ ಕಟ್ಟೆಯ ಕಂಬಗಳಿಗೆ ಸ್ಪಂಜುಗಳು ಮೆತ್ತಿಕೊಂಡಿವೆ, ನಡುವೆ ಮೀನಿನ ಹಿಂಡು, ಆಳ ಕಡಿಮೆ, ಸ್ನಾರ್ಕೆಲ್ ಮಾಡುವವರಿಗೂ ಚೆನ್ನ. ಹಡಗು ಕಟ್ಟಿರುವಾಗ ಮಾತ್ರ ಪ್ರವೇಶವಿಲ್ಲ, ಆದ್ದರಿಂದ ಹೊರಡುವ ಮುಂಚೆ ಅಂಗಡಿಯಲ್ಲಿ ಕೇಳಿ. ಸಾವಿರ ಮೆಟ್ಟಿಲು ಎಂಬ ಹೆಸರಿನ ಜಾಗದಲ್ಲಿ ಇರುವುದು ಎಪ್ಪತ್ತರ ಒಳಗೇ. ಟ್ಯಾಂಕ್ ಹೊತ್ತು ಹತ್ತುವಾಗ ಮಂಡಿಗೆ ಅದೂ ಸಾಕು. ಮಂಡಿನೋವಿನವರು ಅಲ್ಲಿ ಸ್ನಾರ್ಕೆಲ್ ಮಾತ್ರ ಒಯ್ಯುವುದು ಒಳಿತು, ಕಡಲಾಮೆಗಳು ಮೇಲಿನಿಂದಲೇ ಕಾಣುತ್ತವೆ.

ಡೈವ್ ಮಾಡದವರಿಗೆ ಕ್ರಾಲೆಂಡೈಕ್ ಎದುರಿನ ಕ್ಲೈನ್ ಬೊನೇರ್ ಎಂಬ ಪುಟ್ಟ ದ್ವೀಪಕ್ಕೆ ವಾಟರ್ ಟ್ಯಾಕ್ಸಿ ಇದೆ. ಸೆಳೆತದ ಮೇಲ್ಭಾಗದಲ್ಲಿ ಇಳಿಸಿದರೆ ಹವಳದ ಅಂಚಿನ ಮೇಲೆ ತೇಲುತ್ತಾ ನೋ ನೇಮ್ ಬೀಚಿನ ಮರಳಿಗೆ ಬಂದು ಸೇರಬಹುದು. ಅಲ್ಲಿ ಮನೆ, ಅಂಗಡಿ, ಶೌಚಾಲಯ ಯಾವುದೂ ಇಲ್ಲ. ಕುಡಿಯುವ ನೀರು, ಟೋಪಿ, ಮೈತುಂಬ ಮುಚ್ಚುವ ಈಜುಡುಪು ಒಯ್ಯಿರಿ. ಆ ಉಡುಪಿದ್ದರೆ ಸನ್‌ಸ್ಕ್ರೀನ್ ಹೆಚ್ಚು ಬೇಕಾಗುವುದಿಲ್ಲ. ಬೇಕಾದರೂ ಹವಳಕ್ಕೆ ಕೆಡುಕು ಮಾಡುವ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇಲ್ಲದ್ದನ್ನು ಕೊಳ್ಳಿ. ವಾಪಸ್ ಟ್ಯಾಕ್ಸಿಯ ಹೊತ್ತನ್ನು ಖಚಿತಪಡಿಸಿಕೊಳ್ಳಿ. ಮೆತ್ತನೆಯ ಮರಳಿನ ಬೀಚು ಹುಡುಕಿಕೊಂಡು ಬೊನೇರಿಗೆ ಬಂದವರಿಗೆ ನಿರಾಸೆಯಾಗಬಹುದು. ಮಕ್ಕಳಿದ್ದರೆ ಪೂರ್ವದ ಲಾಕ್ ಕೊಲ್ಲಿಯ ಸೊರೊಬೊನ್‌ಗೆ ಹೋಗಿ. ಬಹಳ ದೂರದವರೆಗೆ ಸೊಂಟದ ಮಟ್ಟದ ನೀರು, ನಿಲ್ಲದ ಗಾಳಿ, ವಿಂಡ್‌ಸರ್ಫಿಂಗ್ ಕಲಿಯಲು ಹೇಳಿಮಾಡಿಸಿದ ಜಾಗ. ಕಡಲಹುಲ್ಲಿನ ಮೇಲೆ ಮಾತ್ರ ಕಾಲಿಡಬೇಡಿ, ಅದು ಆಮೆಗಳ ಮೇವು.

ವಾಪಸಾಗುವಾಗ ಕೊನೆಯ ಡೈವಿಗೂ ವಿಮಾನಕ್ಕೂ ನಡುವೆ ಕನಿಷ್ಠ 18 ಗಂಟೆ ಇರಲಿ. ದಿನಗಟ್ಟಲೆ ಡೈವ್ ಮಾಡಿದವರು ಪೂರ್ತಿ ಒಂದು ದಿನ ಬಿಡುವುದು ಇನ್ನೂ ಒಳ್ಳೆಯದು. ಆ ದಿನವನ್ನು ಉಪ್ಪಿನ ಗದ್ದೆಗಳ ರಾಜಹಂಸ ನೋಡಲು, ಉತ್ತರದ ವಾಷಿಂಗ್ಟನ್ ಸ್ಲಾಖ್‌ಬಾಯ್ ಉದ್ಯಾನಕ್ಕೆ ಹೋಗಲು ಇಟ್ಟುಕೊಳ್ಳಿ. ಅಲ್ಲಿನ ಕಚ್ಚಾ ದಾರಿಗೆ ಎತ್ತರದ ಗಾಡಿ ಬೇಕು, ಮಧ್ಯಾಹ್ನದ ನಂತರ ಒಳಗೆ ಬಿಡುವುದಿಲ್ಲ, ಹಾಗಾಗಿ ಬೆಳಿಗ್ಗೆಯೇ ಹೊರಡಿ. ಸಲಕರಣೆ ಒಣಗಲೂ ಅದೇ ದಿನ ಸಿಗುತ್ತದೆ. ರೆಗ್ಯುಲೇಟರನ್ನು ತೊಳೆಯುವಾಗ ಮುಚ್ಚಳ ಬಿಗಿಯಾಗಿರಲಿ, ಬಾಯಿಯ ತುದಿಯಿಂದ ಗಾಳಿ ಹೊರಬಿಡುವ ಪರ್ಜ್ ಗುಂಡಿ ಒತ್ತಬೇಡಿ. ಒತ್ತಿದರೆ ನೀರು ಒಳಗೆ ಸೇರಿ, ಟ್ಯಾಂಕಿಗೆ ಜೋಡಿಸುವ ಭಾಗವಾದ ಫಸ್ಟ್ ಸ್ಟೇಜಿಗೆ ತುಕ್ಕು ಹಿಡಿಯುತ್ತದೆ. ದಡದಲ್ಲಿ ಬಿದ್ದಿರುವ ಹವಳದ ಚೂರಾಗಲಿ, ಕಾಂಕ್ ಶಂಖದ ಚಿಪ್ಪಾಗಲಿ ಚೀಲಕ್ಕೆ ಹಾಕಿಕೊಳ್ಳಬೇಡಿ, ಮಕ್ಕಳ ಜೇಬನ್ನೂ ಒಮ್ಮೆ ನೋಡಿ. ಇವೆರಡೂ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವುದರಿಂದ ಪರವಾನಗಿಯಿಲ್ಲದೆ ಸಿಕ್ಕರೆ ವಿಮಾನ ನಿಲ್ದಾಣದಲ್ಲಿ ವಶಪಡಿಸಿಕೊಳ್ಳಬಹುದು, ದಂಡವೂ ಬೀಳಬಹುದು.